ಹಳ್ಳಿಯ ಚೌಕದ ದಿನನಿತ್ಯದ ಬದುಕನ್ನು ಚಿತ್ರಿಸುವುದು ಹೇಗೆ: ಮೊದಲ ಗೆರೆಯಿಂದ ವಾರ್ನಿಶ್‌ವರೆಗೆ

ಹಳ್ಳಿಯ ಚೌಕದ ಚಿತ್ರ ಬಿಡಿಸಲು ಕೂತವರು ಸಾಮಾನ್ಯವಾಗಿ ಮೊದಲು ಮನೆಗಳಿಗೆ ಕೈ ಹಾಕುತ್ತಾರೆ. ಆಮೇಲೆ ಮರ, ಆಮೇಲೆ ಬಾವಿ. ಕೊನೆಗೆ ಉಳಿದ ಜಾಗದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಎಂದು ಜನರನ್ನು ನಿಲ್ಲಿಸುತ್ತಾರೆ. ಮನೆ ಚೆನ್ನಾಗಿಯೇ ಬಂದಿರುತ್ತದೆ, ಮರವೂ ಸರಿಯಾಗಿರುತ್ತದೆ. ಆದರೂ ಚಿತ್ರದಲ್ಲಿ ಉಸಿರು ಇರುವುದಿಲ್ಲ.

ಚೌಕದ ಜೀವ ಇರುವುದು ನಡುವಿನ ಬಯಲಿನಲ್ಲಿ. ಜನ ಅದನ್ನು ದಾಟುತ್ತಾರೆ, ಅದರ ಅಂಚಿನಲ್ಲಿ ಕೂರುತ್ತಾರೆ, ಈ ಬದಿಯಿಂದ ಆ ಬದಿಗೆ ಕೂಗಿ ಮಾತಾಡುತ್ತಾರೆ. ಆ ಬಯಲು ಚಿತ್ರದಲ್ಲಿ ಮೂಡದಿದ್ದರೆ ಜನ ಎಲ್ಲಿ ನಿಂತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ನಾವು ಕ್ರಮವನ್ನು ತಿರುಗಿಸೋಣ. ಗೆರೆ ಹಾಕುವಾಗ ಮೊದಲು ನೆಲ, ಆಮೇಲೆ ಜನ, ಕೊನೆಗೆ ಮನೆ. ಬಣ್ಣ ಹಚ್ಚುವಾಗ ಮಾತ್ರ ಮನೆ, ನೆಲ, ಜನ ಎಂಬ ಕ್ರಮ, ಯಾಕೆಂದರೆ ಜನ ಎಲ್ಲದರ ಮುಂದೆ ನಿಲ್ಲಬೇಕು.

ಪೆನ್ಸಿಲ್ ಹಿಡಿದು ಒಂದಿಷ್ಟು ಅಭ್ಯಾಸ ಇದ್ದು, ಬಣ್ಣದ ಪರಿಚಯ ಸ್ವಲ್ಪ ಇದ್ದರೆ ಸಾಕು. ಮುಖ ಬಿಡಿಸಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಇಂಥ ಚಿತ್ರದಲ್ಲಿ ಮುಖದ ಕೆಲಸ ತುಂಬಾ ಕಡಿಮೆ.

ಸಾಮಾನು

ನಾನು ಅಕ್ರಿಲಿಕ್ ಬಣ್ಣವನ್ನೇ ಸೂಚಿಸುತ್ತೇನೆ. ತೆಳುವಾಗಿ ಹಚ್ಚಿದರೆ ಅರ್ಧ ಗಂಟೆಯೊಳಗೆ ಒಣಗುತ್ತದೆ. ಒಣಗಿದ ಮೇಲೆ ನೀರು ತಾಗಿದರೂ ಕರಗುವುದಿಲ್ಲ. ಅಂದರೆ ನೆಲವನ್ನು ಪೂರ್ತಿ ಹಚ್ಚಿ, ಅದರ ಮೇಲೆ ಒಬ್ಬ ಮನುಷ್ಯನನ್ನು ಬಿಡಿಸಿ, ಇಷ್ಟವಾಗದಿದ್ದರೆ ನೆಲದ ಬಣ್ಣದಲ್ಲೇ ಅವನನ್ನು ಮುಚ್ಚಿಬಿಡಬಹುದು. ಹತ್ತಿಪ್ಪತ್ತು ಜನರಿರುವ ಚಿತ್ರಕ್ಕೆ ಈ ಅನುಕೂಲ ದೊಡ್ಡದು. ಜಲವರ್ಣದಲ್ಲಿ ಇದು ಆಗುವುದಿಲ್ಲ. ತೈಲವರ್ಣದಲ್ಲಿ ಆಗುತ್ತದೆ, ಆದರೆ ಒಂದೊಂದು ಪದರ ಒಣಗಲು ದಿನಗಟ್ಟಲೆ ಕಾಯಬೇಕು.

ಕ್ಯಾನ್ವಾಸ್ 60 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇರಲಿ. ಇದಕ್ಕಿಂತ ಚಿಕ್ಕದಾದರೆ ದೂರದ ಜನ ಚುಕ್ಕೆಗಳಾಗುತ್ತಾರೆ. ಮುಂದೆ ಕೊಟ್ಟಿರುವ ಲೆಕ್ಕವೆಲ್ಲ ಈ ಅಳತೆಗೇ ಹೊಂದುತ್ತದೆ. ಬ್ರಷ್ ನಾಲ್ಕು ಸಾಕು: ಸುಮಾರು 25 ಮಿ.ಮೀ. ಅಗಲದ ಚಪ್ಪಟೆ ಬ್ರಷ್ ಒಂದು, 8ನೇ ನಂಬರಿನ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್) ಒಂದು, 4ನೇ ನಂಬರಿನ ರೌಂಡ್ ಒಂದು, ಹಗ್ಗ, ಕೋಲು, ಕೊಂಬೆಗಳಿಗೆ ಉದ್ದ ಕೂದಲಿನ ತೆಳು ಬ್ರಷ್ ಒಂದು.

ಬಣ್ಣ ಆರೇ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಕ್ಯಾಡ್ಮಿಯಂ ರೆಡ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಬ್ಲೂ. ಕಪ್ಪು ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ಹತ್ತಿರವಾದ ಗಾಢ ಬಣ್ಣ ಬರುತ್ತದೆ. ನೀಲಿ ಜಾಸ್ತಿ ಮಾಡಿದರೆ ತಂಪು, ಕಂದು ಜಾಸ್ತಿ ಮಾಡಿದರೆ ಬೆಚ್ಚಗೆ. ನೆರಳುಗಳಿಗೆಲ್ಲ ಇದೇ ಮೂಲ. ಆರು ಬಣ್ಣ ಕಡಿಮೆ ಅನಿಸಬಹುದು. ಜನಜಂಗುಳಿಯ ಚಿತ್ರಗಳಿಗೆ ಹೆಸರಾದ ಇಂಗ್ಲೆಂಡಿನ ಎಲ್.ಎಸ್. ಲೌರಿ ಐದೇ ಬಣ್ಣದಲ್ಲಿ ಕೆಲಸ ಮಾಡುತ್ತಿದ್ದರು. ಬಣ್ಣ ಕಡಿಮೆ ಇದ್ದಷ್ಟೂ ಇಡೀ ಚಿತ್ರ ಒಂದೇ ಬೆಳಕಿನಲ್ಲಿ ಇರುವಂತೆ ಕಾಣುತ್ತದೆ.

ಇವುಗಳ ಜೊತೆಗೆ ಸ್ಕೆಚ್ ಪುಸ್ತಕ, ಟ್ರೇಸಿಂಗ್ ಪೇಪರ್, ಉದ್ದನೆಯ ಸ್ಕೇಲ್, ಗ್ಲೇಸಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕವಾಗಿ ತೆಳು ಮಾಡುವ ದ್ರವ), ನೀರು ಚಿಮುಕಿಸುವ ಬಾಟಲಿ.

ಹಂತ 1: ಒಂದು ಹೊತ್ತನ್ನು ಆರಿಸಿ

"ಹಳ್ಳಿಯ ಬದುಕು" ಎಂಬುದು ಚಿತ್ರಕ್ಕೆ ತುಂಬಾ ದೊಡ್ಡ ವಿಷಯ. "ಬೆಳಗ್ಗೆ ಬಾವಿ ಹತ್ತಿರ ಜನ ಸೇರಿರುವ ಹೊತ್ತು" ಎಂಬುದು ಸರಿಯಾದ ವಿಷಯ. ಹೊತ್ತು ಗೊತ್ತಾದರೆ ಬೆಳಕು ಗೊತ್ತಾಗುತ್ತದೆ. ಯಾರು ಅಲ್ಲಿರುತ್ತಾರೆ, ಯಾರು ಇರುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಬೆಳಗ್ಗೆ ನೀರು ಹೊರುವವರು, ಕೆಲಸಕ್ಕೆ ಹೊರಟವರು ಇರುತ್ತಾರೆ. ನಡು ಮಧ್ಯಾಹ್ನ ಜನ ಕಡಿಮೆ, ಇರುವವರೂ ನೆರಳಲ್ಲಿ. ಸಂಜೆ ದನಕರು ಹಿಂತಿರುಗುತ್ತವೆ, ಮಕ್ಕಳು ಆಟಕ್ಕೆ ಇಳಿಯುತ್ತಾರೆ.

ಹಬ್ಬ, ಮದುವೆ, ಜಾತ್ರೆಯನ್ನು ಈ ಚಿತ್ರಕ್ಕೆ ತರಬೇಡಿ ಎಂಬುದು ನನ್ನ ಸಲಹೆ. ಅಲ್ಲಿ ಎಲ್ಲರೂ ಒಂದೇ ಕಡೆ ನೋಡುತ್ತಿರುತ್ತಾರೆ. ಸಾಮಾನ್ಯ ದಿನದಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ, ಒಂದೊಂದು ಗಮನ. ನಾವು ಹಿಡಿಯಬೇಕಾದದ್ದು ಅದನ್ನೇ.

ಮೊದಲ ಚಿತ್ರಕ್ಕೆ ಬೆಳಗ್ಗೆ ಅಥವಾ ಸಂಜೆಯ ಬೆಳಕನ್ನೇ ಆರಿಸಿ. ಆಗ ಸೂರ್ಯ ಕೆಳಗಿರುತ್ತಾನೆ, ನೆರಳು ಉದ್ದ ಇರುತ್ತದೆ. ಆ ನೆರಳುಗಳೇ ನೆಲವನ್ನು ಹಾಸಿಕೊಡುತ್ತವೆ. ನಡುನೆತ್ತಿಯ ಬಿಸಿಲಲ್ಲಿ ನೆರಳು ಕಾಲಡಿ ಸೇರಿಬಿಡುತ್ತದೆ, ನೆಲ ಬರಿದಾಗಿ ಕಾಣುತ್ತದೆ.

ಹಂತ 2: ನೋಡಿ ಸಂಗ್ರಹಿಸಿ

ಸ್ಕೆಚ್ ಪುಸ್ತಕ ಹಿಡಿದು ಜನ ಓಡಾಡುವ ಜಾಗದಲ್ಲಿ ಕೂರಿ. ಒಬ್ಬರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ತಲೆಗೊಂದು ಗುಂಡು, ಬೆನ್ನಿಗೊಂದು ಗೆರೆ, ಭಾರ ಹೊತ್ತ ಕಾಲಿಗೊಂದು ಗೆರೆ, ಅಷ್ಟೇ. ಬಟ್ಟೆ, ಮುಖ ಏನೂ ಬೇಡ. ನಿಮಗೆ ಬೇಕಾಗಿರುವುದು ಮೈಯ ಬಾಗು.

ಒಂದು ಕೈಯಲ್ಲಿ ಭಾರ ಹಿಡಿದವರ ಮೈ ಎದುರು ಬದಿಗೆ ವಾಲುತ್ತದೆ. ತಲೆಯ ಮೇಲೆ ಹೊರೆ ಹೊತ್ತವರ ಬೆನ್ನು, ಕತ್ತು ನೆಟ್ಟಗಿರುತ್ತವೆ, ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡವರ ಸೊಂಟ ಆ ಬದಿಗೆ ಹೊರಗೆ ಬರುತ್ತದೆ, ಹೆಗಲು ಆಚೆಗೆ ಹೋಗುತ್ತದೆ. ವಯಸ್ಸಾದವರು ಕೂರುವ ಮೊದಲು ಕೈಯನ್ನು ಹಿಂದೆ ಚಾಚಿ ಆಸರೆ ಹುಡುಕುತ್ತಾರೆ. ಇಂಥ ಒಂದು ಬಾಗು ಚಿತ್ರದಲ್ಲಿ ಸರಿಯಾಗಿ ಬಂದರೆ, ಮುಖವೇ ಇಲ್ಲದಿದ್ದರೂ ನೋಡುವವರಿಗೆ ಆ ಮನುಷ್ಯನ ವಯಸ್ಸು ಗೊತ್ತಾಗುತ್ತದೆ, ದಣಿವೂ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಆದರೆ ಅದನ್ನು ಹಾಗೆಯೇ ನಕಲು ಮಾಡಬೇಡಿ. ಮೊಬೈಲಿನ ಲೆನ್ಸ್ ಅಗಲವಾಗಿ ನೋಡುತ್ತದೆ. ಅಂಚಿನಲ್ಲಿರುವುದು ಹಿಗ್ಗುತ್ತದೆ, ದೂರದ್ದು ನಮ್ಮ ಕಣ್ಣಿಗೆ ಅನಿಸುವುದಕ್ಕಿಂತ ಚಿಕ್ಕದಾಗುತ್ತದೆ. ನೆರಳು ಎಲ್ಲಿ ಬಿತ್ತು, ಗೋಡೆಯ ಬಣ್ಣ ಏನು ಎಂಬುದಕ್ಕೆ ಫೋಟೋ ಸಾಕು. ಇನ್ನೊಂದು ಮಾತು: ಯಾರದಾದರೂ ಗುರುತು ಸಿಗುವಂಥ ಫೋಟೋ ಆದರೆ ಕೇಳಿಯೇ ತೆಗೆಯಿರಿ.

ಹಂತ 3: ಚಿಕ್ಕ ಚಿಕ್ಕ ಕರಡು

ಕಾಗದದ ಮೇಲೆ 9 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಚೌಕಟ್ಟುಗಳನ್ನು ಹಾಕಿಕೊಳ್ಳಿ. ಕ್ಯಾನ್ವಾಸಿನ ಅನುಪಾತವೂ ಇದೇ. ಪ್ರತಿಯೊಂದರಲ್ಲೂ ಮೂರೇ ಛಾಯೆ ಬಳಸಿ: ಬಿಳಿ, ನಡುವಿನ ಬೂದು, ಗಾಢ. ಮೊದಲು ಬಯಲಿನ ಆಕಾರ ಬಿಡಿಸಿ. ಅದು ಅಚ್ಚುಕಟ್ಟಾದ ಚೌಕ ಆಗಿರಬೇಕಿಲ್ಲ. ಒಂದು ಕಡೆ ಬಾಗಿದ್ದರೆ, ಒಂದು ಮೂಲೆಯಿಂದ ಓಣಿ ಹೊರಟಿದ್ದರೆ ಇನ್ನೂ ಒಳ್ಳೆಯದು. ಆ ಓಣಿ ಕಣ್ಣಿಗೆ ಒಂದು ಬಾಗಿಲು, ಚಿತ್ರದ ಆಚೆಗೂ ಊರು ಇದೆ ಎಂದು ಅದು ಹೇಳುತ್ತದೆ.

ಇಲ್ಲಿ ನೋಡಬೇಕಾದದ್ದು ಒಂದೇ. ಬಯಲು ತಿಳಿ ಛಾಯೆಯ ಒಂದು ದೊಡ್ಡ ತುಂಡಾಗಿ ಉಳಿದಿದೆಯಾ? ಉಳಿದಿದ್ದರೆ ಗಾಢ ಬಣ್ಣದ ಜನ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತಾರೆ. ಎಲ್ಲ ಕಡೆ ಬೂದು ಹರಡಿದ್ದರೆ ಆ ಕರಡನ್ನು ಬಿಟ್ಟು ಇನ್ನೊಂದು ಹಾಕಿ.

ಹಂತ 4: ಕಣ್ಣಿನ ಮಟ್ಟದ ಗೆರೆ

ಈ ಹಂತವನ್ನು ಅವಸರವಿಲ್ಲದೆ ಮಾಡಿ. ಜನರು ಗಾಳಿಯಲ್ಲಿ ತೇಲಿದಂತೆ, ಇಲ್ಲವೇ ಕುಳ್ಳರ ಪಕ್ಕ ದೈತ್ಯರು ನಿಂತಂತೆ ಕಾಣುವ ತೊಂದರೆಗೆಲ್ಲ ಪರಿಹಾರ ಇಲ್ಲೇ ಇದೆ.

ನೀವು ಚೌಕದ ನೆಲದ ಮೇಲೇ ನಿಂತು ನೋಡಿದರೆ, ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣೂ ಒಂದೇ ಗೆರೆಯ ಮೇಲೆ ಬರುತ್ತವೆ, ಹತ್ತಿರ ಇರಲಿ ದೂರ ಇರಲಿ. ಹತ್ತಿರದವರು ದೂರದವರನ್ನು ಮುಚ್ಚುತ್ತಾರೆ. ಬಯಲು ತೆಳ್ಳನೆಯ ಪಟ್ಟಿಯಾಗುತ್ತದೆ. ಅದೇ ಒಂದು ಮಹಡಿಯ ಕಿಟಕಿಯಿಂದ ನೋಡಿದರೆ ಬಯಲು ಚಾಪೆ ಬಿಚ್ಚಿದ ಹಾಗೆ ತೆರೆದುಕೊಳ್ಳುತ್ತದೆ. ಒಬ್ಬೊಬ್ಬರ ಸುತ್ತಲೂ ನೆಲ ಕಾಣುತ್ತದೆ. ಯುರೋಪಿನ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ 1560ರಲ್ಲಿ ಬಿಡಿಸಿದ ‘ಮಕ್ಕಳ ಆಟಗಳು’ ಚಿತ್ರ ನೋಡಿ. 118 ಸೆಂ.ಮೀ. ಎತ್ತರ, 161 ಸೆಂ.ಮೀ. ಅಗಲದ ಹಲಗೆಯಲ್ಲಿ 200ಕ್ಕೂ ಹೆಚ್ಚು ಮಕ್ಕಳು, ಸುಮಾರು 80 ಬಗೆಯ ಆಟ. ಆದರೂ ಗೊಂದಲ ಇಲ್ಲ. ಅವನು ಮೇಲಿನಿಂದ ನೋಡುತ್ತಾನೆ, ಕಣ್ಣಿನ ಮಟ್ಟವನ್ನು ಚಿತ್ರದ ತುದಿಯ ಹತ್ತಿರ ಇಡುತ್ತಾನೆ. ಹಾಗಾಗಿ ಪ್ರತಿ ಗುಂಪಿಗೂ ತನ್ನದೇ ನೆಲ ಸಿಕ್ಕಿದೆ.

ನಾವೂ ಹಾಗೇ ಮಾಡೋಣ. ಮೊದಲ ಮಹಡಿಯ ಕಿಟಕಿಯಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 4.8 ಮೀಟರ್ ಮೇಲಿರುತ್ತದೆ ಎಂದುಕೊಳ್ಳಿ. ಕೆಳಗೆ ನಿಂತವರ ಎತ್ತರ 1.6 ಮೀಟರ್ ಎಂದುಕೊಳ್ಳಿ. 1.6 ಎಂಬುದು 4.8ರ ಮೂರನೇ ಒಂದು ಪಾಲು. ಈಗ ಒಂದೇ ನಿಯಮ ನೆನಪಿಟ್ಟುಕೊಂಡರೆ ಸಾಕು: ಸಮತಟ್ಟಾದ ನೆಲದಲ್ಲಿ ಯಾರು ಎಲ್ಲೇ ನಿಂತರೂ, ಅವರ ಪಾದದಿಂದ ಕಣ್ಣಿನ ಮಟ್ಟದ ಗೆರೆವರೆಗಿನ ಅಂತರದ ಮೂರನೇ ಒಂದು ಪಾಲೇ ಅವರ ಎತ್ತರ.

ಕ್ಯಾನ್ವಾಸಿನ ಕೆಳ ಅಂಚಿನಿಂದ 28 ಸೆಂ.ಮೀ. ಮೇಲೆ ಅಡ್ಡಗೆರೆ ಎಳೆಯಿರಿ. ಅದು ಕಣ್ಣಿನ ಮಟ್ಟ. ಈಗ ಲೆಕ್ಕ ಹಾಕಿ. ಪಾದ ಕೆಳ ಅಂಚಿನಿಂದ 4 ಸೆಂ.ಮೀ. ಮೇಲಿದ್ದರೆ ಗೆರೆವರೆಗೆ 24 ಸೆಂ.ಮೀ., ಆ ಮನುಷ್ಯನ ಎತ್ತರ 8 ಸೆಂ.ಮೀ. ಪಾದ 13ರಲ್ಲಿದ್ದರೆ ಅಂತರ 15, ಎತ್ತರ 5. ಪಾದ 22ರಲ್ಲಿದ್ದರೆ ಅಂತರ 6, ಎತ್ತರ 2 ಸೆಂ.ಮೀ. ಮಾತ್ರ.

ಉಳಿದವಕ್ಕೂ ಇದೇ ದಾರಿ. ಆರು ವರ್ಷದ ಮಗುವಿಗೆ ಅಂತರದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಸುವಿನ ಹೆಗಲಿಗೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ನಾಯಿಗೆ ಎಂಟನೇ ಒಂದು. ನೆಲದ ಮೇಲೆ ಕೂತವರು ನಿಂತವರ ಅರ್ಧಕ್ಕಿಂತ ತುಸು ಮೇಲೆ, ಕಟ್ಟೆ ಅಥವಾ ಬೆಂಚಿನ ಮೇಲೆ ಕೂತವರು ಸುಮಾರು ಮುಕ್ಕಾಲು. 4.8 ಮೀಟರಿಗಿಂತ ಎತ್ತರದ ಮರ, ಗೋಪುರ, ಮಹಡಿ ಮನೆ ಮಾತ್ರ ಕಣ್ಣಿನ ಮಟ್ಟದ ಗೆರೆಯನ್ನು ದಾಟಿ ಮೇಲೆ ಹೋಗುತ್ತವೆ. ಅದಕ್ಕಿಂತ ತಗ್ಗಾದ ಮನೆಗಳ ಚಾವಣಿ ಗೆರೆಯ ಕೆಳಗೇ ನಿಲ್ಲುತ್ತದೆ, ಅವುಗಳ ಮೇಲ್ಭಾಗ ನಿಮಗೆ ಸ್ವಲ್ಪ ಕಾಣುತ್ತದೆ.

ಮೆಟ್ಟಿಲ ಮೇಲೆ ನಿಂತವರಿಗೆ ಎರಡು ಹೆಜ್ಜೆಯ ಲೆಕ್ಕ. ಮೆಟ್ಟಿಲ ಬುಡದ ನೆಲದಲ್ಲಿ ನಿಂತಿದ್ದರೆ ಎಷ್ಟು ಎತ್ತರ ಬರುತ್ತಿತ್ತು ಎಂದು ನೋಡಿ, ಆಮೇಲೆ ಆ ಅಳತೆಯನ್ನೇ ಮೇಲಕ್ಕೆ ಎತ್ತಿಡಿ.

ಹಂತ 5: ಜನರನ್ನು ಕೂಡಿಸುವುದು

ಈ ಅಳತೆಯ ಕ್ಯಾನ್ವಾಸಿಗೆ 15ರಿಂದ 20 ಜನ ಸಾಕು. ಅವರನ್ನು ನೇರವಾಗಿ ಕ್ಯಾನ್ವಾಸಿನ ಮೇಲೆ ಬಿಡಿಸಬೇಡಿ. ಮೊದಲು ಅದೇ ಅಳತೆಯ ಕಾಗದದ ಮೇಲೆ ನೆಲ ಮತ್ತು ಕಣ್ಣಿನ ಮಟ್ಟ ಹಾಕಿಕೊಳ್ಳಿ. ಒಬ್ಬೊಬ್ಬರನ್ನೂ ಟ್ರೇಸಿಂಗ್ ಪೇಪರಿನಲ್ಲಿ ಬಿಡಿಸಿ, ಕತ್ತರಿಸಿ, ಕಾಗದದ ಮೇಲೆ ಇಟ್ಟು ಸರಿಸಿ ನೋಡಿ. ಎಡ ಬಲಕ್ಕೆ ಎಷ್ಟು ಸರಿಸಿದರೂ ಎತ್ತರ ಬದಲಾಗುವುದಿಲ್ಲ. ಮೇಲೆ ಕೆಳಗೆ ಸರಿಸಿದರೆ ಅಳತೆ ಬದಲಿಸಿ ಮತ್ತೆ ಬಿಡಿಸಬೇಕು. ಸ್ವಲ್ಪ ತಾಳ್ಮೆಯ ಕೆಲಸ ಇದು. ಆದರೆ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ಮುಖ್ಯ ಗುಂಪು ಇರಲಿ, ನಾಲ್ಕೈದು ಜನರದು. ಅದು ಚಿತ್ರದ ನಟ್ಟನಡುವೆ ಬೇಡ, ಸ್ವಲ್ಪ ಎಡಕ್ಕೋ ಬಲಕ್ಕೋ. ಇನ್ನೊಂದು ಗುಂಪು ಮೂರು ಜನರದು, ದೂರದಲ್ಲಿ. ಒಂದೆರಡು ಜೋಡಿ. ಉಳಿದವರು ಒಂಟಿ. ಗುಂಪುಗಳ ನಡುವಿನ ಅಂತರ ಒಂದೇ ಸಮ ಇರಬಾರದು. ಎಲ್ಲರೂ ಸಮಾನ ದೂರದಲ್ಲಿ ನಿಂತರೆ ಕವಾಯತಿನ ಸಾಲು ಕಾಣುತ್ತದೆ. ಗುಂಪಿನೊಳಗೆ ಜನ ಒಬ್ಬರನ್ನೊಬ್ಬರು ಸ್ವಲ್ಪ ಮುಚ್ಚಲಿ. ಹೆಗಲಿಗೆ ಹೆಗಲು ತಾಗಿದಂತೆ, ಆದರೆ ಮುಚ್ಚದಂತೆ ಬಿಡಿಸಿದರೆ ಯಾರು ಮುಂದೆ, ಯಾರು ಹಿಂದೆ ಎಂಬುದು ತಿಳಿಯುವುದಿಲ್ಲ.

ಈಗ ಪ್ರತಿಯೊಬ್ಬರ ತಲೆಯಿಂದಲೂ ಒಂದು ಬಾಣದ ಗುರುತು ಹಾಕಿ. ಇವರು ಏನನ್ನು ನೋಡುತ್ತಿದ್ದಾರೆ? ಬಾವಿಯ ಹತ್ತಿರ ಹಗ್ಗ ಹಿಡಿದವಳು ಕೆಳಗೆ ನೋಡುತ್ತಾಳೆ. ಪಕ್ಕದವಳು ಅವಳನ್ನು ನೋಡುತ್ತಾ ಏನೋ ಹೇಳುತ್ತಿದ್ದಾಳೆ. ಮೂರನೆಯವಳ ಕಿವಿ ಇಲ್ಲಿದೆ, ಕಣ್ಣು ಓಡುತ್ತಿರುವ ತನ್ನ ಮಗುವಿನ ಮೇಲಿದೆ. ಆ ಮಗು ನಾಯಿಯ ಹಿಂದೆ. ನಾಯಿ ಬಯಲಿನ ಆಚೆ ಕಟ್ಟೆಯ ಮೇಲೆ ಕೂತ ಮುದುಕನ ಕಡೆ. ನೋಡಿ, ಬಾವಿಯಿಂದ ಕಟ್ಟೆವರೆಗೆ ಖಾಲಿ ನೆಲದ ಮೇಲೆ ಒಂದು ದಾರಿ ಆಯಿತು, ಅಲ್ವಾ? ಆ ನೆಲದಲ್ಲಿ ಏನೂ ಇಲ್ಲದಿದ್ದರೂ ಈಗ ಅದು ಖಾಲಿ ಅಲ್ಲ. ನೋಡುವವರ ಕಣ್ಣು ಇದೇ ದಾರಿಯಲ್ಲಿ ನಡೆಯುತ್ತದೆ.

ಮೂರರಲ್ಲಿ ಒಬ್ಬರಾದರೂ ನಮಗೆ ಬೆನ್ನು ಹಾಕಿರಲಿ. ಒಬ್ಬರು ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಲಿ, ಈಗಷ್ಟೇ ಒಳಗೆ ಬರುತ್ತಿರುವಂತೆ. ಒಬ್ಬರು ಸುಮ್ನೆ ಕೂತಿರಲಿ. ಎಲ್ಲರೂ ಏನಾದರೂ ಮಾಡುತ್ತಲೇ ಇದ್ದರೆ ಅದು ಉದ್ಯೋಗಗಳ ಪಟ್ಟಿ ಆಗುತ್ತದೆ, ಊರು ಆಗುವುದಿಲ್ಲ. ನಮ್ಮ ಕಡೆಗೇ ನೇರ ನೋಡುವವರು ಬೇಡ. ಒಬ್ಬರು ನೋಡಿದರೂ ಇಡೀ ಚಿತ್ರ ಫೋಟೋಗೆ ನಿಂತ ಹಾಗೆ ಆಗಿಬಿಡುತ್ತದೆ.

ಕೆಲಸ ಮಾಡುವವರಿಗೆ ಯಾವ ಕ್ಷಣ ಆರಿಸಬೇಕು? ಮುಂದೆ ಏನಾಗುತ್ತದೆ ಎಂದು ಊಹಿಸಲು ಆಗುವ ಕ್ಷಣ. ಕೊಡ ನೆಲದಲ್ಲಿದೆ, ಹೆಂಗಸು ಬಾಗಿ ಎರಡೂ ಕೈ ಇಟ್ಟಿದ್ದಾಳೆ, ಇನ್ನೂ ಎತ್ತಿಲ್ಲ. ಗಾಡಿಯ ಚಕ್ರಕ್ಕೆ ಹೆಗಲು ಕೊಟ್ಟಿದ್ದಾನೆ, ಅದು ಇನ್ನೂ ಉರುಳಿಲ್ಲ. ಕೆಲಸ ಮುಗಿದ ಕ್ಷಣಕ್ಕಿಂತ ಇದರಲ್ಲಿ ಚಲನೆ ಹೆಚ್ಚು.

ಮುಖ್ಯ ವ್ಯಕ್ತಿಯನ್ನು ದೊಡ್ಡದಾಗಿ ಬಿಡಿಸಲೇಬೇಕು ಎಂದೇನೂ ಇಲ್ಲ. ಬ್ರೂಗೆಲ್ 1566ರಲ್ಲಿ ಬೈಬಲಿನ ಕತೆಯಲ್ಲಿ ಬರುವ ಬೆತ್ಲೆಹೆಮ್ಮಿನ ಜನಗಣತಿಯನ್ನು ಹಿಮ ಬಿದ್ದ ಒಂದು ಹಳ್ಳಿಯಲ್ಲಿ ನಡೆಯುವಂತೆ ಬಿಡಿಸಿದ. ಕತೆಯ ಮುಖ್ಯ ಜೀವಗಳಾದ ಮೇರಿ ಮತ್ತು ಜೋಸೆಫ್ ಅಲ್ಲಿ ಊರಿನ ಜನರ ನಡುವೆ ಅವರಷ್ಟೇ ಸಾಮಾನ್ಯರಾಗಿ ಬರುತ್ತಾರೆ. ಅವರನ್ನು ಹುಡುಕುತ್ತಾ ಹೋದಾಗ ಇಡೀ ಊರನ್ನು ನೋಡಿ ಮುಗಿಸಿರುತ್ತೇವೆ.

ಹಂತ 6: ಒಬ್ಬೊಬ್ಬರ ಮೈ

ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆ. 8 ಸೆಂ.ಮೀ. ಮನುಷ್ಯನಿಗೆ ತಲೆ 1 ಸೆಂ.ಮೀ. ಸ್ವಲ್ಪ ಮೀರಬಹುದು, ಅಷ್ಟೇ. ಕಲಿಯುವವರ ಕೈಯಲ್ಲಿ ತಲೆ ಯಾವಾಗಲೂ ದೊಡ್ಡದಾಗುತ್ತದೆ, ಹಾಗಾಗಿ ಚಿಕ್ಕದಾಗಿಯೇ ಶುರು ಮಾಡಿ. ಆರು ವರ್ಷದ ಮಗುವಿಗೆ ಐದೂವರೆ ತಲೆ. ಮಗುವನ್ನು ದೊಡ್ಡವರ ಚಿಕ್ಕ ಪ್ರತಿಯಂತೆ ಬಿಡಿಸಿದರೆ ಕುಳ್ಳ ಮನುಷ್ಯ ಕಾಣುತ್ತಾನೆ. ತಲೆ ದೊಡ್ಡದು, ಕಾಲು ಮೋಟು ಮಾಡಿದರೆ ಮಗು ಆಗುತ್ತದೆ.

ನಿಂತವರು ಬೀಳುವಂತೆ ಕಂಡರೆ ಕತ್ತಿನ ಬುಡದ ಕುಳಿಯಿಂದ ನೇರ ಕೆಳಗೆ ಗೆರೆ ಎಳೆಯಿರಿ. ಒಂದೇ ಕಾಲಿನ ಮೇಲೆ ಭಾರ ಇದ್ದರೆ ಗೆರೆ ಆ ಪಾದದ ಹತ್ತಿರ ಬೀಳಬೇಕು. ಎರಡೂ ಕಾಲಿನ ಮೇಲಿದ್ದರೆ ನಡುವೆ.

ಮೇಲಿನಿಂದ ನೋಡುತ್ತಿದ್ದೇವೆ ಎಂಬುದು ಮರೆಯದಿರಲಿ. ಹತ್ತಿರದವರ ನೆತ್ತಿ, ಹೆಗಲಿನ ಮೇಲ್ಭಾಗ, ಬುಟ್ಟಿಯ ಒಳಗು ಕಾಣುತ್ತವೆ. ದೂರದವರದು ಕಾಣುವುದಿಲ್ಲ.

ಹಂತ 7: ಮನೆ, ಬಾವಿ, ಮರ

ಹಳ್ಳಿಯ ಮನೆಗಳು ಒಂದೇ ನೇರದಲ್ಲಿ ಇರುವುದು ಅಪರೂಪ. ಒಂದೊಂದು ಒಂದೊಂದು ಕಡೆ ತಿರುಗಿರುತ್ತದೆ. ಹಾಗಾಗಿ ಒಂದೊಂದು ಮನೆಗೂ ಅದರದೇ ವ್ಯಾನಿಶಿಂಗ್ ಪಾಯಿಂಟ್ ಇರುತ್ತದೆ, ಅಂದರೆ ಅದರ ಗೆರೆಗಳು ದೂರದಲ್ಲಿ ಸೇರುವ ಜಾಗ. ಗಾಬರಿ ಬೇಡ. ಗೋಡೆಯ ಬುಡ, ಸೂರಿನ ಅಂಚಿನಂಥ ಅಡ್ಡ ಗೆರೆಗಳ ಬಿಂದುಗಳೆಲ್ಲ ನೀವು ಆಗಲೇ ಎಳೆದ ಕಣ್ಣಿನ ಮಟ್ಟದ ಗೆರೆಯ ಮೇಲೇ ಇರುತ್ತವೆ. ಕೆಲವು ಕ್ಯಾನ್ವಾಸಿನ ಆಚೆ ಬೀಳುತ್ತವೆ, ಅದಕ್ಕೆ ಉದ್ದ ಸ್ಕೇಲ್ ಬೇಕು.

ಗೋಡೆಯ ನಡುವೆ ಬಾಗಿಲು ಇಡಬೇಕಾದರೆ ಗೋಡೆಯ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಅವು ಕೂಡುವ ಜಾಗವೇ ಪರ್ಸ್ಪೆಕ್ಟಿವ್‌ನಲ್ಲಿ, ಅಂದರೆ ದೂರ ಹೋದಂತೆ ಚಿಕ್ಕದಾಗುವ ನೋಟದಲ್ಲಿ, ಸರಿಯಾದ ನಡು. ಸ್ಕೇಲಿನಲ್ಲಿ ಅಳೆದು ಇಟ್ಟರೆ ತಪ್ಪುತ್ತದೆ.

ಬಾವಿಯ ಬಾಯಿ ಅಂಡಾಕಾರವಾಗಿ ಕಾಣುತ್ತದೆ. ಕಟ್ಟೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಅಂಡಾಕಾರ ಚಪ್ಪಟೆ. ನೆಲಕ್ಕೆ ತಾಗುವ ಅಂಚಿನಲ್ಲಿ ಅದು ಸ್ವಲ್ಪ ಹೆಚ್ಚು ಗುಂಡಗೆ. ಎರಡನ್ನೂ ಒಂದೇ ರೀತಿ ಎಳೆದರೆ ಬಾವಿ ಓರೆಯಾಗಿ ಕೂರುತ್ತದೆ. ಬ್ರೂಗೆಲ್ 1559ರಲ್ಲಿ ಬಿಡಿಸಿದ ಕಾರ್ನಿವಲ್ (ಕ್ರೈಸ್ತರ ಉಪವಾಸ ಕಾಲಕ್ಕೆ ಮುಂಚಿನ ಮೋಜಿನ ಹಬ್ಬ) ಮತ್ತು ಉಪವಾಸದ ಜಗಳದ ಚಿತ್ರದಲ್ಲಿ ಎಡಕ್ಕೆ ಹೋಟೆಲು, ಬಲಕ್ಕೆ ಚರ್ಚು, ಚೌಕದ ಬಯಲಿನಲ್ಲಿ ಒಂದು ಬಾವಿ ಇದೆ. ಎರಡು ಬಣಗಳಾಗಿ ಒಡೆದ ಊರಿಗೆ ಅದೇ ಕೀಲು. ನಿಮ್ಮ ಬಾವಿಯೂ ಸುಮ್ನೆ ಅಲಂಕಾರಕ್ಕೆ ಇರಬಾರದು, ಯಾರನ್ನೋ ಯಾರ ಹತ್ತಿರವೋ ತರಬೇಕು.

ಮರದ ಎಲೆ ಎಣಿಸಬೇಡಿ. ದೊಡ್ಡ ಗಾಢ ಆಕಾರ, ಅದರಲ್ಲಿ ಆಕಾಶ ಕಾಣುವ ನಾಲ್ಕಾರು ಕಿಂಡಿ, ಅಷ್ಟು ಸಾಕು.

ಹಂತ 8: ನೆಲದ ಬಣ್ಣ ಮತ್ತು ನೆರಳು

ಬಿಳಿ ಕ್ಯಾನ್ವಾಸಿಗೆ ಮೊದಲು ಯೆಲ್ಲೋ ಓಕರ್ ಮತ್ತು ಬರ್ನ್ಟ್ ಸಿಯೆನ್ನಾದ ತೆಳು ಪದರ ಹಚ್ಚಿ ಒಣಗಿಸಿ. ಆಮೇಲೆ ಕಾಗದದ ಮೇಲಿನ ಗೆರೆಗಳನ್ನು ಅದರ ಮೇಲೆ ಇಳಿಸಿ. ಮುಂದೆ ಎಲ್ಲೆಲ್ಲಿ ಬಣ್ಣ ತೆಳುವಾಯಿತೋ ಅಲ್ಲೆಲ್ಲ ಈ ಮಣ್ಣಿನ ಬಣ್ಣ ಇಣುಕುತ್ತದೆ, ಚಿತ್ರ ಬೆಚ್ಚಗಿರುತ್ತದೆ.

ಆಕಾಶ, ದೂರದ ಮನೆ, ಹತ್ತಿರದ ಮನೆ, ಬಯಲು, ಹೀಗೆ ದೂರದಿಂದ ಹತ್ತಿರಕ್ಕೆ ಬನ್ನಿ. ದೊಡ್ಡ ಬ್ರಷ್ಷಿನಲ್ಲೇ ಹಚ್ಚಿ. ಬಯಲಿಗೆ ಓಕರ್, ಬಿಳಿ, ಚಿಟಿಕೆ ನೀಲಿ. ಹತ್ತಿರ ಬಂದಂತೆ ಬರ್ನ್ಟ್ ಸಿಯೆನ್ನಾ ಸ್ವಲ್ಪ ಹೆಚ್ಚಿಸಿ, ಬ್ರಷ್ಷಿನ ಗುರುತು ಒರಟಾಗಿ ಬಿಡಿ. ದೂರದಲ್ಲಿ ನಯವಾಗಿರಲಿ, ತಿಳಿಯಾಗಿರಲಿ. ಅಕ್ರಿಲಿಕ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಹಾಗಾಗಿ ಬೇಕಾದದ್ದಕ್ಕಿಂತ ಒಂದು ಎಳೆ ತಿಳಿಯಾಗಿ ಕಲಸಿ.

ಬೆಳಕು ಪಕ್ಕದಿಂದ ಬರುವಂತೆ ಇಟ್ಟುಕೊಂಡರೆ ಕೆಲಸ ಸುಲಭ. ಆಗ ಎಲ್ಲ ನೆರಳೂ ಅಡ್ಡಡ್ಡ, ಒಂದಕ್ಕೊಂದು ಸಮಾನಾಂತರ. ಸೂರ್ಯ 45 ಡಿಗ್ರಿ ಮೇಲಿದ್ದರೆ ನೆರಳಿನ ಉದ್ದ ವಸ್ತುವಿನ ಎತ್ತರದಷ್ಟೇ. 30 ಡಿಗ್ರಿಗೆ ಇಳಿದರೆ ಸುಮಾರು 1.7 ಪಟ್ಟು. ಒಂದು ಕೋನ ಹಿಡಿದು ಎಲ್ಲರಿಗೂ ಅದನ್ನೇ ಬಳಸಿ. ಬಾವಿಯ ನೆರಳು ಬಲಕ್ಕೆ, ಮನುಷ್ಯನ ನೆರಳು ಎಡಕ್ಕೆ ಬಿದ್ದರೆ ಬೇರೆ ಎಲ್ಲ ಸರಿ ಇದ್ದರೂ ಕಣ್ಣು ನಂಬುವುದಿಲ್ಲ.

ನೆರಳಿಗೆ ಬೇರೆ ಬಣ್ಣ ಕಲಸಬೇಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದ ಮಿಶ್ರಣವನ್ನು ಗ್ಲೇಸಿಂಗ್ ಮೀಡಿಯಂನಲ್ಲಿ ತೆಳು ಮಾಡಿ, ಒಣಗಿದ ನೆಲದ ಮೇಲೆ ಎಳೆಯಿರಿ. ಕೆಳಗಿನ ಮಣ್ಣು ಅದರೊಳಗಿಂದ ಕಾಣುತ್ತದೆ. ನೀರೊಂದನ್ನೇ ಜಾಸ್ತಿ ಹಾಕಿ ತೆಳು ಮಾಡಿದರೆ ಬಣ್ಣದ ಹಿಡಿತ ಕಡಿಮೆಯಾಗುತ್ತದೆ, ಮೀಡಿಯಂ ಬೇಕು ಅನ್ನುವುದು ಅದಕ್ಕೇ. ತಿಳಿ ಆಕಾಶದ ದಿನ ಬಯಲಿನ ನೆರಳು ಸ್ವಲ್ಪ ನೀಲಿಗೆ ತಿರುಗುತ್ತದೆ. ಪಾದದ ಹತ್ತಿರ ನೆರಳಿನ ಅಂಚು ಚೂಪು, ತುದಿಯಲ್ಲಿ ಮೆತ್ತಗೆ.

ಮರದ ನೆರಳಿಗೆ ಹೆಚ್ಚು ಸಮಯ ಕೊಡಿ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಸೂರ್ಯನದೇ ಬಿಂಬಗಳು, ಹಾಗಾಗಿ ದುಂಡಗಿರುತ್ತವೆ. ನಮ್ಮ ನೋಟದಿಂದ ಅವು ನೆಲದ ಮೇಲೆ ಮಲಗಿದ ಅಂಡಾಕಾರ. ಸಿಕ್ಕ ಸಿಕ್ಕ ಆಕಾರದಲ್ಲಿ ಚುಕ್ಕೆ ಹಾಕಿದರೆ ಬಣ್ಣ ಚೆಲ್ಲಿದಂತೆ ಕಾಣುತ್ತದೆ. ಯಾರಾದರೂ ಒಬ್ಬರು ಅರ್ಧ ನೆರಳಲ್ಲಿ, ಅರ್ಧ ಬಿಸಿಲಲ್ಲಿ ಇರಲಿ. ಬೆಳಕಿನ ಬಿಸಿ ಎಷ್ಟು ಎಂಬುದನ್ನು ಆ ಒಬ್ಬರೇ ಹೇಳುತ್ತಾರೆ.

ಹಂತ 9: ಜನರಿಗೆ ಬಣ್ಣ

ಪ್ರತಿಯೊಬ್ಬರನ್ನೂ ಮೊದಲು ಒಂದೇ ನಡು ಛಾಯೆಯ ಆಕಾರವಾಗಿ ಹಚ್ಚಿ. ಆ ಆಕಾರ ಮಾತ್ರ ನೋಡಿದರೂ ಏನು ಮಾಡುತ್ತಿದ್ದಾರೆ ಎಂದು ತಿಳಿಯಬೇಕು. ತಿಳಿಯದಿದ್ದರೆ ಭಂಗಿ ತಿದ್ದಿ, ಬಟ್ಟೆಯ ವಿವರ ಸೇರಿಸಿ ಸರಿಪಡಿಸಲು ಹೋಗಬೇಡಿ. ಆಮೇಲೆ ಬೆಳಕಿನ ಬದಿಗೆ ತಿಳಿ ಬಣ್ಣ, ನೆರಳಿನ ಬದಿಗೆ ಗಾಢ. 8 ಸೆಂ.ಮೀ. ಮನುಷ್ಯನಿಗೆ ಇನ್ನೊಂದೆರಡು ಮಡಿಕೆ, ಕೈಬೆರಳಿನ ಸುಳಿವು ಸೇರಿಸಬಹುದು. 5 ಸೆಂ.ಮೀ.ಗೆ ಎರಡು ಛಾಯೆ ಸಾಕು. 2 ಸೆಂ.ಮೀ. ಮನುಷ್ಯನ ತಲೆ 3 ಮಿ.ಮೀ. ಕೂಡ ಇರುವುದಿಲ್ಲ, ಅದು ಬ್ರಷ್ಷಿನ ಒಂದು ಮುಟ್ಟು.

ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ, ಓಕರ್, ಬಿಳಿ ಬೇರೆ ಬೇರೆ ಪ್ರಮಾಣದಲ್ಲಿ. ನೆರಳಿಗೆ ಸ್ವಲ್ಪ ಅಲ್ಟ್ರಾಮರೀನ್. ಎಲ್ಲರಿಗೂ ಒಂದೇ ಮೈಬಣ್ಣ ಹಚ್ಚಬೇಡಿ.

ಅಚ್ಚ ಕೆಂಪನ್ನು ಕೂಡಿಟ್ಟುಕೊಳ್ಳಿ. ಮುಖ್ಯ ಗುಂಪಿನಲ್ಲಿ ಒಬ್ಬರ ಬಟ್ಟೆಗೆ ಪೂರ್ತಿ ಕೆಂಪು. ದೂರದಲ್ಲಿ ಇನ್ನೊಬ್ಬರಿಗೆ ಅದನ್ನೇ ಓಕರ್ ಬೆರೆಸಿ ಮಂದ ಮಾಡಿ. ಅಂಚಿನಲ್ಲಿ ಎಲ್ಲೋ ಒಂದು ಚುಕ್ಕೆ. ಕಣ್ಣು ಒಂದು ಕೆಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಹೋಗುವಾಗ ಬಯಲನ್ನು ದಾಟುತ್ತದೆ. ಹತ್ತು ಜನರಿಗೆ ಹತ್ತು ಗಾಢ ಬಣ್ಣ ಕೊಟ್ಟರೆ ಈ ಓಟ ಸಿಗುವುದಿಲ್ಲ. ಹಸಿರು ಬೇಕಾದಲ್ಲಿ ಅಲ್ಟ್ರಾಮರೀನ್ ಮತ್ತು ಓಕರ್ ಬೆರೆಸಿ, ಧೂಳು ಹಿಡಿದ ಎಲೆಯ ಹಸಿರು ಬರುತ್ತದೆ. ಬಿಸಿಲಿನ ಎಲೆಗೆ ಮಾತ್ರ ಲೆಮನ್ ಯೆಲ್ಲೋ.

ಬಣ್ಣ ಹಚ್ಚಿದ ತಕ್ಷಣ ಪಾದದಡಿ ನೆರಳು ಸೇರಿಸಿ. ನೆರಳು ಪಾದಕ್ಕೆ ತಾಗದಿದ್ದರೆ ಮನುಷ್ಯ ನೆಲದಿಂದ ಎದ್ದುಬಿಡುತ್ತಾನೆ. ಪ್ಯಾಲೆಟ್ಟಿನ ಮೇಲೆ ಆಗಾಗ ನೀರು ಚಿಮುಕಿಸಿ, ಬ್ರಷ್ ನೀರಲ್ಲೇ ಇರಲಿ. ಒಣಗಿದ ಅಕ್ರಿಲಿಕ್ ಬ್ರಷ್ಷಿನಿಂದ ಬಿಡುವುದಿಲ್ಲ.

ಹಂತ 10: ತಿದ್ದುವುದು

ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ವಾಲಿದ ಗೋಡೆ, ದೊಡ್ಡ ತಲೆ ತಕ್ಷಣ ಕಣ್ಣಿಗೆ ಬೀಳುತ್ತವೆ. ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ಹಂತ 3ರ ಕರಡಿನ ಪಕ್ಕ ಇಡಿ. ತಿಳಿ ಬಯಲು ಇನ್ನೂ ಒಂದೇ ತುಂಡಾಗಿ ಇದೆಯಾ? ಇಲ್ಲದಿದ್ದರೆ ಏನೋ ಹೆಚ್ಚಾಗಿದೆ. ಹೆಚ್ಚಾಗಿ ಅದು ಕೊನೆಯಲ್ಲಿ ಸೇರಿಸಿದ ಕೋಳಿ, ಬುಟ್ಟಿ, ಸೈಕಲ್ ಆಗಿರುತ್ತದೆ. ನೆಲದ ಬಣ್ಣ ಕಲಸಿ ಮುಚ್ಚಿಬಿಡಿ. ಚೆನ್ನಾಗಿ ಬಂದ ಕೋಳಿಯನ್ನು ಅಳಿಸಲು ಕೈ ಬರುವುದಿಲ್ಲ, ನಿಜ. ಆದರೂ ಅಳಿಸಿ.

ಆಮೇಲೆ ಅಂಚುಗಳು. ಮುಖ್ಯ ಗುಂಪಿನ ಅಂಚು ಚೂಪಾಗಿರಲಿ. ದೂರದವರ, ನೆರಳಲ್ಲಿ ಕೂತವರ ಅಂಚನ್ನು ಹಿನ್ನೆಲೆಯ ಬಣ್ಣದಿಂದ ಸ್ವಲ್ಪ ಕರಗಿಸಿ.

ಪೂರ್ತಿ ಒಣಗಲು ಒಂದೆರಡು ವಾರ ಬಿಡಿ, ಬಣ್ಣ ದಪ್ಪ ಇರುವ ಕಡೆ ಇನ್ನೂ ಹೆಚ್ಚು. ಧೂಳು ಒರೆಸಿ, ಕ್ಯಾನ್ವಾಸನ್ನು ಮಲಗಿಸಿ, ಅಗಲ ಬ್ರಷ್ಷಿನಲ್ಲಿ ವಾರ್ನಿಶ್‌ನ ಎರಡು ತೆಳು ಪದರ ಹಚ್ಚಿ. ಮೊದಲನೆಯದು ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಹೊಳಪಿನ ವಾರ್ನಿಶ್ ನೆರಳನ್ನು ಆಳವಾಗಿಸುತ್ತದೆ, ಆದರೆ ಕಿಟಕಿಯ ಬೆಳಕು ಅದರಲ್ಲಿ ಮಿಂಚುತ್ತದೆ. ಧೂಳಿನ ಬಯಲಿಗೆ ನಾನು ಮ್ಯಾಟ್ ವಾರ್ನಿಶ್ಶನ್ನೇ ಆರಿಸುತ್ತೇನೆ. ಹಚ್ಚುವ ಮೊದಲು ಬಾಟಲಿಯನ್ನು ಕುಲುಕಬೇಡಿ, ಗುಳ್ಳೆ ಬರುತ್ತದೆ. ಕಡ್ಡಿಯಿಂದ ನಿಧಾನವಾಗಿ ಕಲಕಿ, ಯಾಕೆಂದರೆ ಮ್ಯಾಟ್ ಮಾಡುವ ಪುಡಿ ತಳದಲ್ಲಿ ಕೂತಿರುತ್ತದೆ.